ನೀರಿರುವ ಸೀಮೆಯ ಬಡತನ

ಸಾಮಾಜಿಕ ಉದ್ಯಮಶೀಲತೆ, ಅಂದರೆ ಸಮಾಜದ ಕೊರತೆಯೊಂದನ್ನು ದಾನದ ಬದಲು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ವ್ಯವಹಾರದಿಂದ ನೀಗಿಸುವ ಪ್ರಯತ್ನ, ಚರ್ಚೆಗೆ ಬಂದಾಗ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಹೆಸರು ಮೊದಲು ಕೇಳಿಬರುತ್ತದೆ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿಯೇ ಕಟ್ಟಿ, ಖಾದಿ ನೇಯ್ಗೆಯಂಥ ಕಸುಬುಗಳಿಗೆ ನೆಲೆಯಾಗಿಸಿದ ಜನಪದ ಸೇವಾ ಟ್ರಸ್ಟಿಗೂ ಆ ಚರ್ಚೆಯಲ್ಲಿ ಸ್ಥಾನ ಸಲ್ಲಬೇಕು.

ಇಂಥ ಉದ್ಯಮ ಇಲ್ಲಿ ನೀಗಿಸಬೇಕಾದ ಕೊರತೆ ಯಾವುದು? ಇದೇ ಜಿಲ್ಲೆಯಲ್ಲಿ ಮಳೆಯನ್ನೇ ಹೆಚ್ಚು ನೆಚ್ಚಿರುವ ನಾಗಮಂಗಲ ತಾಲ್ಲೂಕಿನ ಬಡತನಕ್ಕೆ ನೀರಿನ ಅಭಾವವನ್ನು ಕಾರಣವೆನ್ನುವುದು ಸುಲಭ. ಆದರೆ ಶ್ರೀರಂಗಪಟ್ಟಣ, ಪಾಂಡವಪುರಗಳಿಗೆ ಕಾವೇರಿಯ ನಾಲೆಗಳಿವೆ, ಕೆ.ಆರ್. ಪೇಟೆಗೆ ಹೇಮಾವತಿಯ ನಾಲೆಯಿದೆ. ಹೀಗಿದ್ದೂ 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಕಾರ್ಖಾನೆಗಳಿಂದ ಬರಬೇಕಾದ ಬಾಕಿ ಹಣ, ಕುಸಿದ ಬೆಲೆ, ಸಾಲಗಳ ನಡುವೆ ಸಿಲುಕಿ ಆತ್ಮಹತ್ಯೆಗೆ ಶರಣಾದದ್ದನ್ನು ನೋಡಿದರೆ, ಇಲ್ಲಿನ ಕೊರತೆ ನೀರಿನದಕ್ಕಿಂತ ಮಾರುಕಟ್ಟೆಯದು ಎನ್ನಬೇಕಾಗುತ್ತದೆ.

ಅಮೆರಿಕದಿಂದ ಮರಳಿದ ಸಾಫ್ಟ್‌ವೇರ್ ಎಂಜಿನಿಯರ್ ಮಧುಚಂದನ್ ಅವರು ಅದೇ ವರ್ಷ ಆರಂಭಿಸಿದ, ರೈತರ ಸಾವಯವ ಬೆಳೆಯನ್ನು ಮಳಿಗೆಯಲ್ಲಿ ಮಾರುವ ‘ಆರ್ಗ್ಯಾನಿಕ್ ಮಂಡ್ಯ’ದ ಜಾಣ್ಮೆ ಬೆಳೆಗಿಂತಲೂ ಮಳಿಗೆಯ ಜಾಗದಲ್ಲಿದೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೇಗೂ ಸಾಗುವ ಗ್ರಾಹಕನ ಎದುರಿಗೇ ರೈತನ ಸರಕನ್ನಿಡುವ ಈ ಕ್ರಮದಿಂದ ದಲ್ಲಾಳಿಯ ಪಾಲು ತಗ್ಗುತ್ತದೆ. ಆದರೆ 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ದಶಪಥ ಈಗ ವಾಹನಗಳನ್ನು ಊರುಗಳ ಹೊರಗಿನಿಂದಲೇ ದಾಟಿಸುವುದರಿಂದ, ಆ ಗ್ರಾಹಕ ಹಳೆಯ ದಾರಿಯ ಮಳಿಗೆಯ ಎದುರು ಹಾಯದೆಯೂ ಹೋಗಬಹುದು.

ಹಾಗಾದರೆ ಮುಂದಿನ ಮಳಿಗೆ ಎಲ್ಲಿರಬೇಕು, ಹೆದ್ದಾರಿಯ ಬದಿಯಲ್ಲೋ, ಬೆಂಗಳೂರಿನ ಬಡಾವಣೆಯಲ್ಲೋ? ಈ ನಾಲ್ಕು ತಾಲ್ಲೂಕುಗಳನ್ನು ಬಲ್ಲ ಓದುಗರು ಉತ್ತರಿಸಬಹುದು.