ತಡವಾಗಿ ಎಚ್ಚರಗೊಳ್ಳುವ ಕಾರು

ಶಾಸ್ತ್ರಾಭ್ಯಾಸದಲ್ಲಿ ಆಯುಷ್ಯ ಸವೆಸಿದವರಿಗೆ ಎಂಜಿನ್ನಿನ ಉಸಾಬರಿ ಏಕೆಂದು ಓದುಗ ಬಂಧುಗಳು ಕೇಳಬಹುದು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ಗುರುಗಳ ಪ್ರವಾಸದ ಕಾರನ್ನು ತೊಳೆಯುವುದು, ರೇಡಿಯೇಟರಿಗೆ ನೀರೆರೆಯುವುದು ನಮ್ಮ ಪಾಲಿನ ಸೇವೆಯಾಗಿತ್ತು. ಕೀಲಿ ತಿರುಗಿಸುವಾಗ ಕೈಗಿಂತ ಕಿವಿ ಎಚ್ಚರವಾಗಿರಬೇಕೆಂದು ಅಂದಿನ ಚಾಲಕರು ನಮಗೆ ಕಲಿಸಿದರು. ವ್ಯಾಕರಣದ ಸೂತ್ರಗಳು ಎಷ್ಟೋ ಮರೆತಿವೆ. ಈ ಪಾಠ ಮರೆತಿಲ್ಲ.

ಈಗ ನಾವು ಅಮಾಸೆಬೈಲಿನಲ್ಲಿ ಅಣ್ಣನವರ ಮನೆಯಲ್ಲಿದ್ದೇವೆ. ಘಟ್ಟದ ಬುಡದ ಊರು. ಆಸಾಡಿಯ ಜಡಿಮಳೆ ಹಿಡಿದರೆ ಬಿಡುವುದಿಲ್ಲ. ಒಣಗಿದ ಬಟ್ಟೆಯೂ ಕಪಾಟಿನಲ್ಲೇ ಮತ್ತೆ ತೇವವಾಗುತ್ತದೆ. ಅಣ್ಣನವರಿಗೆ ಹೃದ್ರೋಗವುಂಟು. ಕುಂದಾಪುರದ ಆಸ್ಪತ್ರೆ ಒಂದು ತಾಸಿನ ಹಾದಿ. ಮನೆಯಲ್ಲಿರುವುದೋ ಕಾರ್ಬ್ಯುರೇಟರ್ ಕಾಲದ ಒಂದು ಹಳೆಯ ಪೆಟ್ರೋಲ್ ಕಾರು. ಅದು ಕಳೆದ ಮಳೆಗಾಲದಲ್ಲಿ ಕೂಡಲೇ ಚಾಲೂ ಆಗದೆ ಸತಾಯಿಸತೊಡಗಿದಾಗ ಅತ್ತಿಗೆಯವರಿಗೆ ರಾತ್ರಿ ನಿದ್ರೆ ಬಾರದಾಯಿತು. ನಡುರಾತ್ರಿ ಎದೆನೋವು ಬಂದರೆ ಗತಿಯೇನು ಎಂಬುದೇ ಅವರ ಚಿಂತೆ.

ಅಣ್ಣನ ಮಗ ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದನು. ಅಂಗಡಿಯವರು ಗಾಡಿಯನ್ನು ನೋಡದೆಯೇ ಬ್ಯಾಟರಿ ಬದಲಿಸಲು ಹೇಳಿದರು. ಹೊಸ ಬ್ಯಾಟರಿ ಬಂದಿತು, ಹಣ ಹೋಯಿತು, ರೋಗ ಮಾತ್ರ ಇದ್ದಲ್ಲಿಯೇ ಇದ್ದಿತು.

ವಾಗ್ಭಟನು ಅಷ್ಟಾಂಗಹೃದಯದಲ್ಲಿ ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ವಿಧದಿಂದ ಪರೀಕ್ಷಿಸಬೇಕೆಂದು ವಿಧಿಸಿದ್ದಾನೆ. ನಾವು ಪ್ರಶ್ನದಿಂದಲೇ ತೊಡಗಿದೆವು. ಸ್ಟಾರ್ಟರ್ ಬಳಲಿ ಬಳಲಿ ತಿರುಗುತ್ತದೆಯೇ, ಇಲ್ಲವೆ ಚುರುಕಾಗಿ ತಿರುಗಿಯೂ ಎಂಜಿನ್ ಹತ್ತುವುದಿಲ್ಲವೇ? ಇವೆರಡನ್ನೂ ಜನ ಒಂದೇ ಮಾತಿನಲ್ಲಿ ‘ಸ್ಟಾರ್ಟ್ ಆಗುವುದಿಲ್ಲ’ ಎನ್ನುತ್ತಾರೆ. ಆದರೆ ಇವು ಬೇರೆ ಬೇರೆ ರೋಗಗಳು. ಮೊದಲನೆಯದು ವಿದ್ಯುತ್ತಿನದು: ಬ್ಯಾಟರಿ, ಅದರ ತಂತಿಗಳು, ಎಂಜಿನ್ನಿಗೆ ಕಟ್ಟಿದ ಅರ್ತಿಂಗ್ ಪಟ್ಟಿ, ಇಲ್ಲವೆ ಸ್ಟಾರ್ಟರ್ ಮೋಟಾರು. ಎರಡನೆಯದು ಪೆಟ್ರೋಲಿನದು ಇಲ್ಲವೆ ಕಿಡಿಯದು. ನಮ್ಮ ಕಾರಿನ ಸ್ಟಾರ್ಟರ್ ಚುರುಕಾಗಿಯೇ ತಿರುಗುತ್ತಿತ್ತು.

ಪಕ್ಕದ ಮನೆಯ ತಾಯಿಯೊಬ್ಬರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿದೊಡನೆ ಅವರೆಂದರು: “ಸ್ವಾಮೀ, ಬೆಳ್ಕ್ ಮಂಕ್ ಆಯ್ಲಿಲ್ಯಲೆ, ಹಾಂಗಾರೆ ಬ್ಯಾಟ್ರಿ ಸಮಾ ಇತ್ತ್.” ಮನೆಮನೆಗೂ ಸೌರದೀಪ ಬಂದ ಈ ಗ್ರಾಮದಲ್ಲಿ ಬ್ಯಾಟರಿಯ ಗುಣಾವಗುಣಗಳನ್ನು ಗೃಹಿಣಿಯರು ಬಲ್ಲರು. ಅವರ ಮಾತು ಶಾಸ್ತ್ರಸಮ್ಮತವೇ ಆಗಿತ್ತು. ಮೀಟರ್ ಇಟ್ಟು ನೋಡಿದೆವು. ನಿಂತ ಗಾಡಿಯಲ್ಲಿ 12.6 ವೋಲ್ಟ್ ಇತ್ತು. ಸ್ಟಾರ್ಟರ್ ತಿರುಗುವಾಗ 10.5ಕ್ಕಿಂತ ಕೆಳಗಿಳಿಯಲಿಲ್ಲ. ತಿರುಗುವಾಗ ಅದು 9.6ಕ್ಕೂ ಕೆಳಗೆ ಬಿದ್ದರೆ ಬ್ಯಾಟರಿಯನ್ನು ಸಂದೇಹಿಸಬೇಕು. ಇನ್ನು ಸ್ಪರ್ಶನ: ಸ್ಟಾರ್ಟರ್ ತಿರುಗಿಸಿ ನಿಲ್ಲಿಸಿದ ಕೂಡಲೇ ತಂತಿಗಳ ತುದಿಯನ್ನು ಮುಟ್ಟಬೇಕು. ಸಂಪರ್ಕ ಕೆಟ್ಟಿದ್ದರೆ ಅಲ್ಲಿ ಬಿಸಿಯಾಗಿರುತ್ತದೆ. ನಮ್ಮಲ್ಲಿ ಎಲ್ಲವೂ ತಣ್ಣಗಿದ್ದವು. (ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರ್ ತಿರುಗಿಸಬಾರದು, ನಡುವೆ ಅದಕ್ಕೆ ವಿಶ್ರಾಂತಿ ಬೇಕು. ಯುವಕರು ಇದನ್ನು ಕೇಳುವುದೇ ಇಲ್ಲ.)

ಮಳೆಗಾಲವಾದ್ದರಿಂದ ಕಿಡಿಯ ಮೇಲೂ ಅನುಮಾನವಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕುಳಿತರೆ ವಿದ್ಯುತ್ತು ದಾರಿ ತಪ್ಪುತ್ತದೆ. ಕತ್ತಲೆಯಲ್ಲಿ ಬಾನೆಟ್ ತೆರೆದು ಒಬ್ಬರು ಸ್ಟಾರ್ಟರ್ ತಿರುಗಿಸಿದರೆ ಹಳೆಯ ತಂತಿಗಳ ಮೇಲೆ ನೀಲಿ ಮಿಣುಕುಗಳು ಕಾಣುತ್ತವೆ. ನಮಗೆ ಒಂದೂ ಕಾಣಲಿಲ್ಲ.

ಮುಖ್ಯವಾದ ಸುಳಿವು ಸಿಕ್ಕಿದ್ದು ಮತ್ತೊಂದು ಪ್ರಶ್ನೆಯಿಂದ. ಎಂದು ಹೀಗಾಗುತ್ತದೆ? ದಿನವೂ ಓಡಿಸಿದರೆ ಕಾರು ಬೇಗ ಹತ್ತುತ್ತಿತ್ತು. ಮೂರು ನಾಲ್ಕು ದಿನ ನಿಂತರೆ ಮಾತ್ರ ತಡ. ಅಂಥ ಒಂದು ಬೆಳಿಗ್ಗೆ ಏರ್ ಫಿಲ್ಟರಿನ ಮುಚ್ಚಳ ತೆಗೆದು, ಎಂಜಿನ್ ತಣ್ಣಗಿದ್ದಾಗಲೇ ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಒತ್ತಿಸಿದೆವು. ಒಳಗೆ ಪೆಟ್ರೋಲಿದ್ದರೆ ಸಣ್ಣ ಪಿಚಕಾರಿಯಂತೆ ಚಿಮ್ಮಬೇಕು. ಏನೂ ಚಿಮ್ಮಲಿಲ್ಲ. ಬಟ್ಟಲು ಬರಿದಾಗಿತ್ತು.

ನಿಂತ ಗಾಡಿಯ ಬಟ್ಟಲಿನಿಂದ ಪೆಟ್ರೋಲು ಸ್ವಲ್ಪ ಆವಿಯಾಗುವುದು ಸಹಜ. ನಳಿಕೆ ತುಂಬಿದ್ದರೆ ಪಂಪು ಅದನ್ನು ಕ್ಷಣದಲ್ಲಿ ತುಂಬಿಕೊಡುತ್ತದೆ. ಆದರೆ ಹಳೆಯ ಕಾರುಗಳಲ್ಲಿ ಪಂಪನ್ನು ನಡೆಸುವುದು ಎಂಜಿನ್ನೇ. ನಳಿಕೆಯೂ ಖಾಲಿಯಾದರೆ ಟ್ಯಾಂಕಿನಿಂದ ಎಳೆದು ತರುವವರೆಗೆ ಸ್ಟಾರ್ಟರ್ ತಿರುಗುತ್ತಲೇ ಇರಬೇಕು. ನಳಿಕೆ ಖಾಲಿಯಾದದ್ದೇಕೆ? ಪಂಪಿಗೂ ಹಿಂದಿರುವ ರಬ್ಬರ್ ತುಂಡನ್ನು ಬಗ್ಗಿಸಿ ನೋಡಿದಾಗ ಕೂದಲೆಳೆಯಂಥ ಬಿರುಕುಗಳು ಕಂಡವು. ಅದು ಹೀರುವ ಭಾಗ. ಅಲ್ಲಿ ಪೆಟ್ರೋಲು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ, ಪೆಟ್ರೋಲು ಟ್ಯಾಂಕಿಗೆ ಹಿಂದೆ ಸರಿಯುತ್ತದೆ. ನೆಲದ ಮೇಲೆ ಕಲೆಯಿಲ್ಲದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ.

ಈಗ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಹಳೆಯ ರಬ್ಬರಿಗೆ ಅದು ಹಿತವಲ್ಲ. ಆದ್ದರಿಂದ ಎಥನಾಲ್ ತಾಳುವ ನಳಿಕೆಯನ್ನೇ ಕೇಳಿ ತರಿಸಿದೆವು. ಒಂದು ಮೊಳವೂ ಇರಲಿಲ್ಲ. ಹೊಸ ಕ್ಲಿಪ್ಪುಗಳೊಡನೆ ಕೂಡಿಸಲು ಮೆಕ್ಯಾನಿಕ್ಕಿಗೆ ಅರ್ಧ ತಾಸು ಸಾಕಾಯಿತು.

ಇಂಜೆಕ್ಷನ್ ಕಾರುಳ್ಳವರಿಗೂ ಒಂದು ಮಾತು. ಅವುಗಳ ಪಂಪು ಟ್ಯಾಂಕಿನಲ್ಲಿದ್ದು ವಿದ್ಯುತ್ತಿನಿಂದ ನಡೆಯುತ್ತದೆ. ಕೀಲಿಯನ್ನು ಸ್ಟಾರ್ಟ್ ಮಾಡದೆ ಎರಡು ಸೆಕೆಂಡು ತೆರೆದು, ಮುಚ್ಚಿ, ಮತ್ತೆ ತೆರೆದು ಆಮೇಲೆ ತಿರುಗಿಸಿರಿ. ಆಗ ಬೇಗ ಹತ್ತಿದರೆ ನಿಂತ ಹೊತ್ತಿನಲ್ಲಿ ಪೆಟ್ರೋಲಿನ ಒತ್ತಡ ಇಳಿಯುತ್ತಿದೆಯೆಂದು ತಿಳಿಯಬೇಕು.

ನಮ್ಮ ಕಾರನ್ನು ಬೇಕೆಂದೇ ನಾಲ್ಕು ದಿನ ನಿಲ್ಲಿಸಿದೆವು. ಐದನೆಯ ದಿನ ಮಳೆ ಸುರಿಯುತ್ತಿರುವಾಗ ಚೋಕ್ ಎಳೆದು ತಿರುಗಿಸಿದರೆ, ಅತ್ತಿಗೆಯವರು ಮೂರು ಎಣಿಸುವಷ್ಟರಲ್ಲಿ ಹತ್ತಿತು. ಅಣ್ಣನವರು ಅದೇ ದಿನ ಕುಂದಾಪುರಕ್ಕೆ ಹೋಗಿ ತಪಾಸಣೆ ಮಾಡಿಸಿಕೊಂಡು ಬಂದರು. ಹಳೆಯ ಬ್ಯಾಟರಿಯನ್ನು ಕೊಟ್ಟಿಗೆಯ ಸೌರದೀಪಕ್ಕೆ ಜೋಡಿಸುವ ಉತ್ಸಾಹ ಹುಡುಗನಿಗಿತ್ತು. ಕಾರಿನ ಬ್ಯಾಟರಿ ಕ್ಷಣಕಾಲ ಹೆಚ್ಚು ಕರೆಂಟ್ ಕೊಡಲು ಮಾಡಿದ್ದು, ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಬರಿದಾಗಲು ಅಲ್ಲವೆಂದು ಬೇಲಿಯಾಚೆಯ ತಾಯಿಯೇ ಅವನನ್ನು ತಡೆದರು. ಅದೀಗ ಚಾರ್ಜು ತುಂಬಿಕೊಂಡು ಜಗುಲಿಯ ಮೂಲೆಯಲ್ಲಿ ಕುಳಿತಿದೆ.