ಏಳುವಂತಿಲ್ಲ

"ಯಾರು ಕೂರುತ್ತೀರಿ?" ಎಂದು ಗೈಡ್ ನಗುತ್ತಾಳೆ. ನಂಬಬೇಡಿ ಆ ನಗುವನ್ನು.

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಊರಂಚಿನಲ್ಲಿ, ಹೆಲ್‌ಬ್ರುನ್ ಅರಮನೆಯ ತೋಟ. ಓದಲೆಂದು ಈ ದೇಶಕ್ಕೆ ಬಂದ ಗೆಳೆಯರ ಗುಂಪಿನಲ್ಲಿ ನೀವೂ ಇದ್ದೀರಿ. ಎದುರಿಗೆ ಉದ್ದನೆಯ ಕಲ್ಲುಮೇಜು, ಎರಡೂ ಬದಿಗೆ ಕಲ್ಲುಪೀಠಗಳು. ಮೇಜಿನ ನಡುವೆ ಕೊರೆದ ತೊಟ್ಟಿಯಲ್ಲಿ ನೀರು. ಹಿಂದೆ ವೈನ್ ತಂಪಾಗುತ್ತಿದ್ದುದು ಅದರಲ್ಲೇ. ಪಾಚಿಯ ಹಸಿವಾಸನೆ ಮೂಗಿಗೆ ಅಡರುತ್ತದೆ. ಕಾಲಡಿಯ ನೆಲ ಒದ್ದೆ. ಬೆಳಗಿನಿಂದ ಮಳೆಯೇ ಬಂದಿಲ್ಲವಲ್ಲ!

ಹಿಂದಿನಿಂದ ಒಬ್ಬ ತಳ್ಳುತ್ತಾನೆ. ಹಿಂಜರಿದರೆ ಸೆಮಿಸ್ಟರ್ ಪೂರ್ತಿ ಗೇಲಿ, ಕೂತರೆ ಒದ್ದೆ ಪ್ಯಾಂಟಿನಲ್ಲೇ ಬಸ್ ಪ್ರಯಾಣ. ಕೂರುತ್ತೀರಿ. ಕಲ್ಲಿನ ಥಂಡಿ ತೊಡೆಗೇರುತ್ತದೆ. ಪೀಠದ ನಡುವೆ ಒಂದು ತೂತು. ಅದು ಮೊದಲು ಗೊತ್ತಾಗುವುದು ಕಣ್ಣಿಗಲ್ಲ.

1612ರಲ್ಲಿ ಆರ್ಚ್‌ಬಿಷಪ್ ಆಗಿ ಧರ್ಮವನ್ನೂ ರಾಜ್ಯವನ್ನೂ ಒಟ್ಟಿಗೆ ಆಳಿದ ಮಾರ್ಕುಸ್ ಸಿಟ್ಟಿಕುಸ್‌ನ ಕಿತಾಪತಿ ಇದು. ಇದಕ್ಕೆ ಪಂಪು ಬೇಕಿಲ್ಲ. ಬುಗ್ಗೆಯ ನೀರು ತನ್ನದೇ ಒತ್ತಡದಲ್ಲಿ ಕೊಳವೆ ತುಂಬಿ ಕಾಯುತ್ತದೆ, ಯಾರಾದರೂ ಬಿಡುವತನಕ.

ಗೈಡ್ ಮಾತಾಡುತ್ತಲೇ ಇದ್ದಾಳೆ. ಅವಳ ಕೈ? ಕಾಣುತ್ತಿಲ್ಲ. ಎಲ್ಲೋ ಕಬ್ಬಿಣ ಕಿರುಗುಟ್ಟುತ್ತದೆ. ಉಸಿರು ಬಿಗಿಹಿಡಿಯುತ್ತೀರಿ. ಏಳಲೇ? ಈಗ? ಬುಸ್ಸ್! ಕೆಳಗಿನಿಂದ, ಹಿಂದಿನಿಂದ, ಮಂಜುಗಡ್ಡೆಯಂಥ ನೀರು. ಕಿರುಚಾಟ. ಎದ್ದು ಓಡುತ್ತೀರಿ.

ಅಂದಿನ ಅತಿಥಿಗೆ ಆ ಭಾಗ್ಯವೂ ಇರಲಿಲ್ಲ. ದೊರೆ ಕೂತಿರುವಾಗ ಏಳುವಂತಿಲ್ಲ. ದೊರೆಯ ಪೀಠಕ್ಕೆ ಮಾತ್ರ ತೂತಿಲ್ಲ. ಬೆನ್ನು ತೊಯ್ಯುತ್ತಿರುವಾಗಲೂ ನಗುತ್ತ ಕೂರಬೇಕು. ಇದನ್ನು ರಸಿಕತೆ ಎನ್ನುವವರಿದ್ದಾರೆ. ನನಗಂತೂ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ.

ಮುಂದೆ 18ನೇ ಶತಮಾನದ ಯಂತ್ರನಾಟಕ. ನೀರೇ ತಿರುಗಿಸುವ ಗಾಲಿಗಳಿಂದ ಪುಟ್ಟ ನಗರವೊಂದು ಜೀವ ತಳೆಯುತ್ತದೆ: ಸುಮಾರು ಇನ್ನೂರು ಗೊಂಬೆಗಳ ಊರು. ಗಾಲಿಗಳ ಗಡಗಡ ಕೇಳಿಸದಂತೆ ಆರ್ಗನ್ ಅಬ್ಬರಿಸುತ್ತದೆ, ಅದೂ ನೀರಿನಿಂದಲೇ. ಒದ್ದೆ ಅಂಗಿ ಬೆನ್ನಿಗಂಟಿದೆ, ಹಲ್ಲು ಕಟಕಟ. ಆದರೂ ಬಾಯಿ ತೆರೆದು ನೋಡುತ್ತೀರಿ.

ಗುಂಪು ಹೊರಡುತ್ತದೆ. ದಾರಿಯಲ್ಲಿ ಗೋಡೆಯಿಂದ ಜಿಂಕೆಯ ತಲೆಗಳು ಇಣುಕುತ್ತಿವೆ. ಅವುಗಳ ಕೊಂಬಿನ ತುದಿಯಿಂದ ಹನಿ ತೊಟ್ಟಿಕ್ಕುತ್ತಿದೆ. ಗೈಡ್ ಮತ್ತೆ ಹಿಂದುಳಿದಿದ್ದಾಳೆ. ಓಡಲು ಹೊತ್ತಿಲ್ಲ, ನಿಮ್ಮನ್ನು ತಳ್ಳಿದವನು ಪಕ್ಕದಲ್ಲೇ ಇದ್ದಾನೆ, ಒಣ ಅಂಗಿಯಲ್ಲಿ. ಅವನ ತೋಳು ಹಿಡಿದೆಳೆದು ನಿಮ್ಮ ಮುಂದೆ ನಿಲ್ಲಿಸಿಕೊಳ್ಳುತ್ತೀರಿ.