ನಾವು ಕೊಟ್ಟ ಒಂದು ಉತ್ತರ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮದ್ರಸದ ವಿದ್ಯಾರ್ಥಿಯೊಬ್ಬನಿಗೆ ಅಪಸ್ಮಾರಕ್ಕೆಂದು ವೈದ್ಯರು ಕಾರ್ಬಮಝೆಪೈನ್ ಎಂಬ ಮಾತ್ರೆಯನ್ನು ಬರೆದುಕೊಟ್ಟಿದ್ದರು. ಎರಡು ವಾರ ಕಳೆದಿರಬಹುದು. ಒಂದು ಸಂಜೆ ಆತನ ತಾಯಿ ಬಾಗಿಲ ಬಳಿ ನಿಂತು, "ಉಸ್ತಾದರೇ, ಮಗನಿಗೆ ಜ್ವರ. ಕಣ್ಣು ಕೆಂಪಾಗಿದೆ, ಬಾಯೊಳಗೆಲ್ಲ ಹುಣ್ಣು. ಮಾತ್ರೆ ಕೊಡಲೋ, ಬಿಡಲೋ?" ಎಂದು ಕೇಳಿದರು.

"ಸಬ್ರ್ ಇರಲಿ, ಔಷಧವನ್ನು ಅರ್ಧಕ್ಕೆ ಬಿಡಬಾರದು" ಎಂದೆವು. ದುಆ ಮಾಡಿ ಕಳುಹಿಸಿದೆವು.

ಮೂರನೆಯ ದಿನ ಬಾಲಕನ ಮೈಮೇಲೆ ಗುಳ್ಳೆಗಳೆದ್ದು, ಬೆಂಕಿಯಲ್ಲಿ ಸುಟ್ಟಂತೆ ಚರ್ಮ ಕಳಚತೊಡಗಿತು. ಆಸ್ಪತ್ರೆಯ ತೀವ್ರ ನಿಗಾ ಘಟಕದ ಹೊರಗೆ ಆ ತಾಯಿಯ ಮುಖ ನೋಡಲು ನಮಗೆ ಧೈರ್ಯವಾಗಲಿಲ್ಲ.

ಇದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್. 1922ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಇದನ್ನು ಇಬ್ಬರು ಬಾಲಕರಲ್ಲಿ ಗುರುತಿಸಿ ಬರೆದರು. ಇದರ ಇನ್ನೂ ಭೀಕರ ರೂಪವನ್ನು 1956ರಲ್ಲಿ ಸ್ಕಾಟ್ಲೆಂಡಿನ ಅಲನ್ ಲಯೆಲ್ ವಿವರಿಸಿದರು. ಅದರಲ್ಲಿ ಮೈಯ ಚರ್ಮದ ಶೇ. 30ಕ್ಕಿಂತ ಹೆಚ್ಚು ಭಾಗ ಕಳಚುತ್ತದೆ. ಸುಮಾರು ಮೂವರಲ್ಲಿ ಒಬ್ಬರು ಬದುಕುಳಿಯುವುದಿಲ್ಲ. ರೋಗ ಬಹಳ ಅಪರೂಪ. ಆದರೆ ಅದಕ್ಕೆ ಕಾರಣವಾಗುವ ಔಷಧಗಳು ಅಪರೂಪವಲ್ಲ: ಅಪಸ್ಮಾರದ ಕೆಲವು ಮಾತ್ರೆಗಳು, ಸಲ್ಫಾ ಔಷಧಗಳು, ಯೂರಿಕ್ ಆಮ್ಲಕ್ಕೆ ಕೊಡುವ ಅಲೋಪ್ಯೂರಿನಾಲ್.

ಸಾವಿರಾರು ಜನರಿಗೆ ಉಪಕಾರ ಮಾಡುವ ಮಾತ್ರೆ ಒಬ್ಬನಿಗೆ ಮಾತ್ರ ಏಕೆ ಮುಳುವಾಗುತ್ತದೆ? 2004ರಲ್ಲಿ ತೈವಾನಿನ ಸಂಶೋಧಕರು ಒಂದು ಉತ್ತರ ಕಂಡುಕೊಂಡರು. ಕಾರ್ಬಮಝೆಪೈನ್‌ನಿಂದ ಈ ರೋಗಕ್ಕೆ ತುತ್ತಾದ 44 ಮಂದಿಯನ್ನು ಪರೀಕ್ಷಿಸಿದಾಗ, ಅಷ್ಟೂ ಮಂದಿಯಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ರೂಪವಿತ್ತು. ಮುಂದೆ ಅಲ್ಲಿಯೇ 4,877 ಮಂದಿಯ ರಕ್ತವನ್ನು ಮೊದಲೇ ಪರೀಕ್ಷಿಸಿ, ಅದು ಇದ್ದವರಿಗೆ ಆ ಮಾತ್ರೆ ಬೇಡವೆಂದರು. 2011ರಲ್ಲಿ ಫಲಿತಾಂಶ ಪ್ರಕಟವಾದಾಗ, ಅವರಲ್ಲಿ ಒಬ್ಬರಿಗೂ ಈ ರೋಗ ತಗುಲಿರಲಿಲ್ಲ. ಭಾರತೀಯ ರೋಗಿಗಳಲ್ಲಿಯೂ ಈ ನಂಟು ಕಂಡುಬಂದಿದೆ. ಆದರೆ ಎಲ್ಲ ಔಷಧಗಳಿಗೂ ಇಂತಹ ಮುನ್ಪರೀಕ್ಷೆ ಇಲ್ಲ. ಆದ್ದರಿಂದ ಮನೆಯವರ ಎಚ್ಚರವೇ ಮೊದಲ ಕಾವಲು.

ಪ್ರಿಯ ಓದುಗರೇ, ಔಷಧಕ್ಕೆ ಹೆದರಿರೆಂದು ನಾವು ಹೇಳುತ್ತಿಲ್ಲ. ಹೊಸ ಔಷಧ ಆರಂಭಿಸಿದ ಮೊದಲ ಎರಡು ತಿಂಗಳೊಳಗೆ ಜ್ವರ, ಕಣ್ಣುರಿ, ಬಾಯಿಹುಣ್ಣು, ನೋಯುವ ಕೆಂಪು ಕಲೆ ಅಥವಾ ಗುಳ್ಳೆಗಳು ಕಾಣಿಸಿದರೆ, ಮುಂದಿನ ಮಾತ್ರೆ ನುಂಗುವ ಮೊದಲೇ ವೈದ್ಯರ ಬಳಿ ಧಾವಿಸಬೇಕು. ಕಾರಣವಾದ ಔಷಧವನ್ನು ಬೇಗನೆ ನಿಲ್ಲಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಆ ಔಷಧದ ಹೆಸರನ್ನು ಬರೆದಿಟ್ಟು, ಬದುಕಿರುವವರೆಗೂ ಪ್ರತಿಯೊಬ್ಬ ವೈದ್ಯರಿಗೂ ತೋರಿಸಬೇಕು. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವ ನಮ್ಮ ಮನೆಗಳ ರೂಢಿಯೂ ನಿಲ್ಲಬೇಕು.

ಅಲ್ಲಾಹನ ಕೃಪೆಯಿಂದ ಆ ಬಾಲಕ ಬದುಕಿದ. ಆದರೆ ಅವನ ಕಣ್ಣುಗಳು ಇಂದಿಗೂ ಬೆಳಕನ್ನು ತಾಳವು. ಅವನು ಪಾಠಕ್ಕೆ ಕುಳಿತಾಗ ನಾವೇ ಎದ್ದು ಕಿಟಕಿ ಮುಚ್ಚುತ್ತೇವೆ. ತಿಳಿಯದ್ದನ್ನು ತಿಳಿಯದು ಎನ್ನಬೇಕೆಂದು ನಾವೂ ಕಲಿತಿದ್ದೆವು, ಮಕ್ಕಳಿಗೂ ಕಲಿಸಿದ್ದೆವು. ಅಂದು ಆ ತಾಯಿಗೆ "ನಮಗೆ ತಿಳಿಯದು, ಈಗಲೇ ಆಸ್ಪತ್ರೆಗೆ ಹೋಗೋಣ" ಎಂದಿದ್ದರೆ ಸಾಕಿತ್ತು. ದುಆವನ್ನು ದಾರಿಯಲ್ಲಿಯೂ ಮಾಡಬಹುದಿತ್ತು.